ಕ್ವಾಲಾಲಂಪುರಕ್ಕೆ ಪ್ಯಾಕೇಜ್ ಬೇಡ, ಸ್ಟೇಷನ್ ಪಕ್ಕ ರೂಮ್ ಮಾಡಿ

ಅಪ್ಪ ಅಮ್ಮನನ್ನು ಕ್ವಾಲಾಲಂಪುರಕ್ಕೆ ಕರೆದುಕೊಂಡು ಹೋಗ್ತೀನಿ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ವಯಸ್ಸಾದವರು, ಪ್ಯಾಕೇಜ್ ತಗೊಳ್ಳಿ." ನಾವು ತಗೊಳ್ಳಲಿಲ್ಲ. ಆ ದುಡ್ಡಲ್ಲಿ ಕೆಎಲ್ ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲೇ ಒಳ್ಳೆಯ ರೂಮ್ ಮಾಡಿದೆವು. ಹೋಗುವವರಿಗೆಲ್ಲ ನಾನು ಹೇಳುವುದೂ ಇದನ್ನೇ. ದೂರದ ಅಗ್ಗದ ರೂಮ್ ಹಿಡಿದರೆ ಉಳಿಸಿದ್ದೆಲ್ಲ ಓಡಾಟಕ್ಕೇ ಹೋಗುತ್ತದೆ.

ಆ ಒಂದೇ ಸ್ಟೇಷನ್‌ನಿಂದ ಎಲ್ಲ ಕಡೆಗೂ ದಾರಿ ಇದೆ. ಎಲ್‌ಆರ್‌ಟಿ (ಮೆಟ್ರೋ ಥರದ ರೈಲು) ಹತ್ತಿದರೆ ಐದನೇ ನಿಲ್ದಾಣವೇ ಕೆಎಲ್‌ಸಿಸಿ, ಪೆಟ್ರೋನಾಸ್ ಅವಳಿ ಗೋಪುರದ ಬುಡ. ಶಾಪಿಂಗ್ ಏರಿಯಾ ಬುಕಿತ್ ಬಿಂತಾಂಗ್‌ಗೆ ಮೋನೋರೈಲ್, ಅದಕ್ಕೆ ಮಾತ್ರ ಪಕ್ಕದ ಮಾಲ್ ದಾಟಿ ನಡೆಯಬೇಕು. ರೈಲಿಗೆ ಹಣ ತುಂಬಿ ಬಳಸುವ ಟಚ್ ಎನ್ ಗೋ ಕಾರ್ಡ್ ತಲೆಗೊಂದು ಮಾಡಿಸಿಕೊಳ್ಳಿ, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗುವುದಿಲ್ಲ.

ಬಾಟು ಕೇವ್ಸ್ ಗುಹಾ ದೇವಸ್ಥಾನಕ್ಕೆ ವ್ಯಾನ್ ಬೇಕೇ ಬೇಕು ಅಂತ ಟ್ರಾವೆಲ್ಸ್ ಒಬ್ಬರು ಒತ್ತಾಯ ಮಾಡಿದ್ದರು. ಬೇಕಾಗಿಯೇ ಇರಲಿಲ್ಲ! ಕೆಟಿಎಂ ಕೊಮ್ಯೂಟರ್ ರೈಲಿಗೆ ಒಬ್ಬರಿಗೆ 3 ರಿಂಗಿಟ್ (ಮಲೇಷ್ಯಾದ ಹಣ) ಕೂಡ ಆಗುವುದಿಲ್ಲ. ರಿಂಗಿಟ್‌ಗೆ 20 ರೂಪಾಯಿಗಿಂತ ಹೆಚ್ಚೇ ಲೆಕ್ಕ ಹಾಕಿಕೊಳ್ಳಿ. ಕೊನೆಯ ಸ್ಟೇಷನ್ನಿನಲ್ಲಿ ಇಳಿದರೆ ದೇವಸ್ಥಾನ ಅಲ್ಲೇ. ಈ ರೈಲು ಪದೇ ಪದೇ ಬರುವುದಿಲ್ಲ, ವೇಳೆ ನೋಡಿಕೊಂಡು ಬೆಳಿಗ್ಗೆ ಬೇಗ ಹೊರಡಿ. 272 ಮೆಟ್ಟಿಲು, ಬಿಸಿಲು ಏರಿದ ಮೇಲೆ ಕಷ್ಟ. ಅಪ್ಪ ಮಂಡಿನೋವು ಅಂತ ಕೆಳಗೇ ಕೂತು ಮುರುಗನ 42.7 ಮೀಟರ್ ವಿಗ್ರಹ ನೋಡುತ್ತಾ ಇದ್ದುಬಿಟ್ಟರು. ಅಮ್ಮ ಪೂರ್ತಿ ಹತ್ತಿದರು. ಮೇಲೆ ನಿಂತು ಅವರು ಕೈಮುಗಿದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ವ್ಯಾನಿನವರು "ಬೇಗ ಬನ್ನಿ" ಅನ್ನುತ್ತಿದ್ದರೆ ಆ ಹೊತ್ತು ಸಿಗುತ್ತಿತ್ತಾ?

ಏರ್‌ಪೋರ್ಟ್ ವಿಷಯದಲ್ಲಿ ಲೆಕ್ಕ ಬೇರೆ. ಎಕ್ಸ್‌ಪ್ರೆಸ್ ರೈಲು 28 ನಿಮಿಷಕ್ಕೆ ಊರು ಮುಟ್ಟಿಸುತ್ತದೆ, ಆದರೆ ಒಬ್ಬರಿಗೆ 55 ರಿಂಗಿಟ್. ಮೂರು-ನಾಲ್ಕು ಜನ ಇದ್ದರೆ ಗ್ರ್ಯಾಬ್ (ಓಲಾ-ಊಬರ್ ಥರದ ಆ್ಯಪ್) ಕಾರೇ ಅಗ್ಗ. ಒಬ್ಬರೇ ಆದರೆ ಬಸ್ಸು, ಸುಮಾರು ಒಂದು ಗಂಟೆ.

ಊಟಕ್ಕೆ ಬ್ರಿಕ್‌ಫೀಲ್ಡ್ಸ್ ಅನ್ನುವ ಭಾರತೀಯರ ಬಡಾವಣೆ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರ. ಇಡ್ಲಿ, ದೋಸೆ, ಬಾಳೆ ಎಲೆ ಊಟ ಎಲ್ಲ ಇದೆ.

ಬಜೆಟ್‌ನಲ್ಲಿ ಬಹಳ ಜನ ಮರೆಯುವುದು ಟೂರಿಸಂ ಟ್ಯಾಕ್ಸ್. ವಿದೇಶಿಯರಿಗೆ ಒಂದು ರೂಮಿಗೆ ರಾತ್ರಿಗೆ 10 ರಿಂಗಿಟ್, ಹೆಚ್ಚಾಗಿ ಹೋಟೆಲ್ ಕೌಂಟರ್‌ನಲ್ಲೇ ಕೇಳುತ್ತಾರೆ. ಇನ್ನು ಡಿಜಿಟಲ್ ಅರೈವಲ್ ಕಾರ್ಡ್, ಅಂದರೆ ಮಲೇಷ್ಯಾ ಪ್ರವೇಶದ ಆನ್‌ಲೈನ್ ಫಾರಂ ಅನ್ನು ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ತಕ್ಷಣ ಮುಚ್ಚಿಬಿಡಿ.