ಫ್ಲೈಟ್ ಸಿಮ್ಯುಲೇಟರ್‌ಗೆ ಕಂಪ್ಯೂಟರ್ ಕೊಳ್ಳುವವರು ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕ ಶುರುಮಾಡಬೇಡಿ

ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ‘ಬಜೆಟ್ ಎಷ್ಟು ಸರ್?’, ಎರಡನೆಯದು ‘ಯಾವ ಗ್ರಾಫಿಕ್ಸ್ ಕಾರ್ಡ್ ಹಾಕೋಣ?’. ಆಡುವ ಆಟ ಯಾವುದೆಂದು ಕೇಳುವುದೇ ಅಪರೂಪ. ಕೇಳಿದರೂ ನಮ್ಮ ಉತ್ತರದಿಂದ ಕೊಟೇಶನ್ ಬದಲಾಗುವುದಿಲ್ಲ. ಗುಂಡು ಹಾರಿಸುವ ಆಟಗಳಿಗೆ ಈ ಕ್ರಮ ಬಹುಮಟ್ಟಿಗೆ ನಡೆದೀತು. ಆದರೆ ವಿಮಾನ ಹಾರಿಸುವ ಆಟವಾದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಡುವುದಕ್ಕೆಂದೇ ಯಂತ್ರ ಕೊಳ್ಳುವವರು ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು, ಮೊದಲ ಹಣವನ್ನು ಪ್ರೊಸೆಸರ್‌ಗೆ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ಆಟದ ಒಳಗಿನ ಕೆಲಸ ಅರ್ಥವಾಗದೆ ‘ಪ್ರೊಸೆಸರ್ ಮುಖ್ಯ’ ಎಂದು ಯಾರಾದರೂ ಹೇಳಿದರೆ ಅದು ಇನ್ನೊಬ್ಬ ಅಂಗಡಿಯವರ ಮಾತಿನಂತೆಯೇ ಕೇಳಿಸುತ್ತದೆ.

1982ರಲ್ಲಿ ಮೊದಲು ಬಂದ ಈ ಸರಣಿಗೆ ಹೊಸ ಜನ್ಮ ಸಿಕ್ಕಿದ್ದು 2020ರ ಆಗಸ್ಟ್ 18ರಂದು. ಫ್ರಾನ್ಸಿನ ಬೋರ್ಡೋ ನಗರದ ಅಸೋಬೋ ಸ್ಟುಡಿಯೋ ಅದನ್ನು ರೂಪಿಸಿತು. ಬಿಂಗ್ ನಕ್ಷೆಗಳ ಉಪಗ್ರಹ ಚಿತ್ರಗಳನ್ನು ಹಾಸಿ, ಅದರ ಮೇಲೆ ಕಟ್ಟಡ, ಮರ, ನೀರು, ಮೋಡಗಳನ್ನು ಕಟ್ಟಿ ಇಡೀ ಭೂಮಂಡಲವನ್ನೇ ಹಾರಾಟಕ್ಕೆ ತೆರೆದಿಟ್ಟ ಆಟವಿದು. ಬಜ್ಪೆಯಿಂದ ಹೊರಟು ಘಟ್ಟ ದಾಟಿ ಶಿವಮೊಗ್ಗದ ಕಡೆ ಹಾರಿದರೆ ಕೆಳಗೆ ಕಾಣುವ ಬೆಟ್ಟಗಳ ಏರಿಳಿತ ನಿಜವಾದದ್ದೇ. ಇಷ್ಟೆಲ್ಲ ಚಿತ್ರ ಬಿಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದ್ದಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಿಡಿಸುವ ಕೆಲಸ ಅದರದ್ದೇ. ಆದರೆ ಏನನ್ನು ಬಿಡಿಸಬೇಕು ಎಂದು ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಒಂದೊಂದು ಚಿತ್ರಕ್ಕೂ, ಪಟ್ಟಿ ಮಾಡಿಕೊಡುವುದು ಪ್ರೊಸೆಸರ್. ರೆಕ್ಕೆಯ ಮೇಲೆ ಗಾಳಿ ಎಷ್ಟು ಒತ್ತುತ್ತಿದೆ, ಎಂಜಿನ್ನಿನ ಸ್ಥಿತಿ ಏನು, ಕಾಕ್‌ಪಿಟ್ಟಿನ ಪರದೆಗಳಲ್ಲಿ ಯಾವ ಅಂಕಿ ಕಾಣಿಸಬೇಕು, ಸುತ್ತಮುತ್ತ ಹಾರುತ್ತಿರುವ ಬೇರೆ ವಿಮಾನಗಳು ಎಲ್ಲಿವೆ, ಮುಂದೆ ಬರಲಿರುವ ಊರಿನ ಯಾವ ಕಟ್ಟಡಗಳನ್ನು ಈಗಲೇ ತಂದಿಟ್ಟುಕೊಳ್ಳಬೇಕು ಎಂಬ ಲೆಕ್ಕಗಳಲ್ಲಿ ದೊಡ್ಡ ಪಾಲು ‘ಮೇನ್ ಥ್ರೆಡ್’ ಎಂಬ ಒಂದೇ ಸಾಲಿನಲ್ಲಿ ನಡೆಯುತ್ತದೆ. ಮದುವೆಮನೆಯಲ್ಲಿ ಬಡಿಸುವವರು ಎಷ್ಟೇ ಜನರಿದ್ದರೂ ಒಲೆಯ ಮೇಲಿನ ಅನ್ನ ಬೇಯದೆ ಮುಂದಿನ ಪಂಕ್ತಿ ಏಳುವುದಿಲ್ಲ. ಹಾಗೆಯೇ ಆ ಸಾಲಿನ ಲೆಕ್ಕ ಮುಗಿಯದೆ ಎಷ್ಟು ಬಲವಾದ ಕಾರ್ಡೂ ಮುಂದಿನ ಫ್ರೇಮ್ ಬಿಡಿಸಲಾರದು. ಹದಿನಾರು ಕೋರುಗಳ, ಅಂದರೆ ಲೆಕ್ಕ ಮಾಡುವ ಹದಿನಾರು ಘಟಕಗಳ ಪ್ರೊಸೆಸರ್ ಹಾಕಿದರೂ ಇದಕ್ಕೆ ಪೂರ್ಣ ಪರಿಹಾರವಿಲ್ಲ, ಏಕೆಂದರೆ ಇಲ್ಲಿ ಬೇಕಾದದ್ದು ಒಂದೊಂದು ಕೋರಿನ ವೇಗ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ, ಆಟವೇ ತೋರಿಸಿಕೊಡುತ್ತದೆ. 2020ರ ಆವೃತ್ತಿಯ ಸೆಟ್ಟಿಂಗ್ಸಿನಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಫ್ರೇಮ್ ಲೆಕ್ಕ ತೋರಿಸುವ ಒಂದು ಚಿಕ್ಕ ಚೌಕ ತೆರೆಯಬಹುದು. ಸೆಸ್ನಾ 172ರಲ್ಲಿ ಕೂತು ಹೊಲಗದ್ದೆಗಳ ಮೇಲೆ ಹಾರುವಾಗ ಅದರಲ್ಲಿ ‘ಲಿಮಿಟೆಡ್ ಬೈ ಜಿಪಿಯು’ ಎಂದಿರುತ್ತದೆ, ಅಂದರೆ ಕಾರ್ಡ್ ತನ್ನ ಶಕ್ತಿಯನ್ನೆಲ್ಲ ಬಳಸಿ ದುಡಿಯುತ್ತಿದೆ ಎಂದರ್ಥ. ಅದೇ ಯಂತ್ರದಲ್ಲಿ ಏರ್‌ಬಸ್ ಎ320 ಹಿಡಿದು, ಸುತ್ತಲೂ ವಿಮಾನ ಸಂಚಾರ ಹಾಕಿಕೊಂಡು, ಲಂಡನ್ನಿನ ಹೀಥ್ರೂಗೋ ನ್ಯೂಯಾರ್ಕಿನ ಜೆಎಫ್‌ಕೆಗೋ ಇಳಿಯಲು ಹತ್ತಿರವಾಗುತ್ತಿದ್ದಂತೆ ಬರಹ ‘ಲಿಮಿಟೆಡ್ ಬೈ ಮೇನ್ ಥ್ರೆಡ್’ ಎಂದು ಬದಲಾಗುತ್ತದೆ, ಫ್ರೇಮುಗಳು ಕುಸಿಯುತ್ತವೆ. ಆಗ ರೆಸಲ್ಯೂಶನ್ ತಗ್ಗಿಸಿ ನೋಡಿ: ಚಿತ್ರ ಮಸುಕಾಗುತ್ತದೆಯೇ ಹೊರತು ಫ್ರೇಮುಗಳು ಏರುವುದಿಲ್ಲ. ಬದಲಿಗೆ ನೆಲದ ವಿವರ ಎಷ್ಟು ಕಾಣಬೇಕೆಂದು ನಿರ್ಧರಿಸುವ ‘ಟೆರೇನ್ ಲೆವೆಲ್ ಆಫ್ ಡೀಟೇಲ್’ ಎಂಬ ಸ್ಲೈಡರನ್ನು 200ರಿಂದ 100ಕ್ಕೆ ಇಳಿಸಿ, ವಿಮಾನ ಸಂಚಾರವನ್ನು ಅರ್ಧ ಮಾಡಿ: ಆಟದ ಉಸಿರಾಟ ತಕ್ಷಣ ಸರಾಗವಾಗುತ್ತದೆ. ಮೊದಲನೆಯದರಲ್ಲಿ ನೀವು ಕಾರ್ಡಿನ ಹೊರೆ ಇಳಿಸಿದಿರಿ, ಎರಡನೆಯದರಲ್ಲಿ ಪ್ರೊಸೆಸರಿನದ್ದು. ಈಗಾಗಲೇ ಒಂದು ಯಂತ್ರ ಇರುವವರು ಹೊಸ ಕಾರ್ಡಿಗೆ ಹಣ ಕಟ್ಟುವ ಮುನ್ನ ಈ ಪರೀಕ್ಷೆಯನ್ನು ಖಂಡಿತ ಮಾಡಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಇದೇ ಕಾರಣಕ್ಕೆ ಸಿಮ್ಯುಲೇಟರ್ ಆಡುವವರ ನಡುವೆ ಎಎಂಡಿ ಕಂಪನಿಯ ಎಕ್ಸ್3ಡಿ ಪ್ರೊಸೆಸರುಗಳಿಗೆ ಅಷ್ಟು ಗೌರವ. 2022ರ ಏಪ್ರಿಲ್‌ನಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ತನ್ನ ಅಣ್ಣನಾದ 5800ಎಕ್ಸ್‌ಗಿಂತ ಗಡಿಯಾರದ ವೇಗದಲ್ಲಿ ಸ್ವಲ್ಪ ಹಿಂದೆಯೇ ಇತ್ತು. ಆದರೆ ಅದರ ಮೂರನೆಯ ಹಂತದ ಕ್ಯಾಶ್ (ಪ್ರೊಸೆಸರಿನ ಒಳಗೇ ಇರುವ ವೇಗದ ಚಿಕ್ಕ ಮೆಮೊರಿ) 32 ಎಂಬಿಯಿಂದ 96 ಎಂಬಿಗೆ ಏರಿತ್ತು. ಫ್ಲೈಟ್ ಸಿಮ್ಯುಲೇಟರಿನ ಲೆಕ್ಕಗಳಿಗೆ ಬೇಕಾದ ಮಾಹಿತಿ ಮೆಮೊರಿಯಲ್ಲಿ ಅಲ್ಲಲ್ಲಿ ಚದುರಿರುತ್ತದೆ. ಪ್ರತಿ ಸಲವೂ ರ‍್ಯಾಮ್‌ವರೆಗೆ ಹೋಗಿ ತರುವಷ್ಟರಲ್ಲಿ ಕೋರ್ ಸುಮ್ಮನೆ ಕಾಯುತ್ತಿರುತ್ತದೆ. ಕ್ಯಾಶ್ ದೊಡ್ಡದಾದಷ್ಟೂ ಆ ಕಾಯುವಿಕೆ ಕಡಿಮೆ. 2023ರ 7800ಎಕ್ಸ್3ಡಿ, 2024ರ ನವೆಂಬರಿನ 9800ಎಕ್ಸ್3ಡಿ ಎರಡೂ ಇದೇ ದಾರಿಯಲ್ಲಿ ಮುಂದುವರಿದಿವೆ. ಮೂರೂ ಎಂಟು ಕೋರುಗಳವು ಎಂಬುದನ್ನು ಗಮನಿಸಿ. ಹೆಚ್ಚು ಕೋರುಗಳಿವೆ ಎಂಬ ಒಂದೇ ಕಾರಣಕ್ಕೆ ಇವುಗಳಿಗಿಂತ ದುಬಾರಿಯಾದ ಪ್ರೊಸೆಸರನ್ನು ಈ ಆಟಕ್ಕಾಗಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ವಿಡಿಯೋ ಎಡಿಟಿಂಗ್ ಕೂಡ ಮಾಡುವವರಾದರೆ ಆ ಮಾತು ಬೇರೆ.

ಇದಕ್ಕೆ ಎದುರಾಗಿ ಬರುವ ಒಂದು ಗಟ್ಟಿ ವಾದವೆಂದರೆ ಫ್ರೇಮ್ ಜನರೇಶನ್. ಎನ್‌ವಿಡಿಯಾದ 40ನೇ ಸರಣಿಯಿಂದೀಚಿನ ಕಾರ್ಡುಗಳು ಎರಡು ನಿಜವಾದ ಫ್ರೇಮುಗಳ ನಡುವೆ ಇನ್ನೊಂದನ್ನು ತಾವೇ ಊಹಿಸಿ ತುಂಬುತ್ತವೆ. ಈ ತುಂಬುವಿಕೆಗೆ ಮೇನ್ ಥ್ರೆಡ್ಡಿನ ಹಂಗಿಲ್ಲ. ಹೀಗಿರುವಾಗ ಪ್ರೊಸೆಸರ್‌ಗೆ ಏಕೆ ಅಷ್ಟು ಹಣ ಎಂದು ಕೇಳುವವರಿದ್ದಾರೆ. ಅಡಿಪಾಯದಲ್ಲಿ ಸ್ಥಿರವಾಗಿ ಸೆಕೆಂಡಿಗೆ 35–40 ಫ್ರೇಮುಗಳಿದ್ದರೆ ಫ್ರೇಮ್ ಜನರೇಶನ್ ಚೆಂದವಾಗಿ ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅಡಿಪಾಯವೇ 20ಕ್ಕೆ ಕುಸಿದು ನಡುನಡುವೆ ತಡವರಿಸುತ್ತಿದ್ದರೆ ಆ ತಡವರಿಕೆ ಹಾಗೆಯೇ ಉಳಿಯುತ್ತದೆ, ರನ್‌ವೇ ಮುಟ್ಟುವ ಕೊನೆಯ ಕ್ಷಣಗಳಲ್ಲಿ ಕೈಗೂ ವಿಮಾನಕ್ಕೂ ನಡುವೆ ಒಂದು ವಿಳಂಬ ಕಾಣಿಸುತ್ತದೆ.

ಹಾಗೆಂದು ಕಾರ್ಡಿನಲ್ಲಿ ಜಿಪುಣತನ ಮಾಡಿ ಎನ್ನುತ್ತಿಲ್ಲ. ಅಲ್ಲಿ ನೋಡಬೇಕಾದದ್ದು ಹೆಸರಿಗಿಂತ ವಿಡಿಯೋ ಮೆಮೊರಿಯನ್ನು. ಇದೇ ಆಟದ 2024ರ ಹೊಸ ಆವೃತ್ತಿಗೆ ಎಂಥ ಯಂತ್ರ ಬೇಕೆಂದು ಕಂಪನಿ ಪ್ರಕಟಿಸಿದ ಪಟ್ಟಿಯಲ್ಲೇ ಶಿಫಾರಸಿನ ಮಟ್ಟಕ್ಕೆ 8 ಜಿಬಿ, ಆದರ್ಶ ಮಟ್ಟಕ್ಕೆ 12 ಜಿಬಿ ವಿಡಿಯೋ ಮೆಮೊರಿ ಎಂದಿದೆ. ಮೆಮೊರಿ ತುಂಬಿ ತುಳುಕಿದ ಮೇಲೆ ಕಾರ್ಡಿನ ವೇಗ ಎಷ್ಟಿದ್ದರೂ ಆಟ ಸ್ಲೈಡ್ ಶೋ ಆಗುತ್ತದೆ. ಆದ್ದರಿಂದ ಇಂದು ಹೊಸದಾಗಿ ಕೊಳ್ಳುವವರು, ಅದರಲ್ಲೂ ಫುಲ್ ಎಚ್‌ಡಿಗಿಂತ ಸೂಕ್ಷ್ಮವಾದ 1440ಪಿ ಮಾನಿಟರ್ ಇಟ್ಟುಕೊಳ್ಳುವವರು, 8 ಜಿಬಿಯ ಕಾರ್ಡನ್ನು ಬಿಡುವುದೇ ಲೇಸು. ಹೊಸ ಸರಣಿ ಎಂಬ ಕಾರಣಕ್ಕೆ ಎನ್‌ವಿಡಿಯಾದ 8 ಜಿಬಿಯ ಆರ್‌ಟಿಎಕ್ಸ್ 5060 ಕೊಳ್ಳುವ ಬದಲು 16 ಜಿಬಿಯ 5060 ಟಿಐ ಅಥವಾ ಎಎಂಡಿಯ 16 ಜಿಬಿ ಆರ್‌ಎಕ್ಸ್ 9060 ಎಕ್ಸ್‌ಟಿ ನೋಡಿ. ವಿಆರ್ ಹೆಡ್‌ಸೆಟ್ ಹಾಕಿಕೊಂಡು ಹಾರುವವರಿಗೆ ಮಾತ್ರ ನಾನು ಮೇಲೆ ಹೇಳಿದ ಆದ್ಯತೆ ಸಡಿಲವಾಗುತ್ತದೆ. ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ಬಿಡಿಸಬೇಕಾದಾಗ ಕಾರ್ಡಿಗೆ ಎಷ್ಟು ಸುರಿದರೂ ಸಾಲದು.

ರ‍್ಯಾಮ್ 32 ಜಿಬಿ ಇರಲಿ, 16ರ ಎರಡು ಕಡ್ಡಿಗಳಾಗಿಯೇ ಇರಲಿ. ಅಂಗಡಿಯವರು ‘ಮುಂದೆ ಇನ್ನೊಂದು ಹಾಕಿಸಬಹುದು ಸರ್’ ಎಂದು ಒಂದೇ ಕಡ್ಡಿ ಹಾಕಿಕೊಡುವುದುಂಟು. ಅದರಿಂದ ಮೆಮೊರಿಯ ದಾರಿ ಅರ್ಧಕ್ಕೆ ಕಿರಿದಾಗುತ್ತದೆ, ಪೆಟ್ಟು ಬೀಳುವುದು ಮತ್ತೆ ಅದೇ ಮೇನ್ ಥ್ರೆಡ್ಡಿಗೆ. ಆದರ್ಶ ಪಟ್ಟಿಯಲ್ಲಿ 64 ಜಿಬಿ ಎಂದಿದ್ದರೂ, ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿದ ಪರಿ ನೋಡಿದರೆ ಅದಕ್ಕೆ ಈಗ ಕೈಹಾಕುವ ಅಗತ್ಯವಿಲ್ಲ.

ಲ್ಯಾಪ್‌ಟಾಪ್ ಸಾಕಲ್ಲವೇ ಎಂಬ ಪ್ರಶ್ನೆ ಎಂಜಿನಿಯರಿಂಗ್ ಸೇರುವ ಮಕ್ಕಳ ತಂದೆತಾಯಿಯರದ್ದು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಹಾಸ್ಟೆಲಿಗೆ ಡೆಸ್ಕ್‌ಟಾಪ್ ಹೊತ್ತುಕೊಂಡು ಹೋಗಲಾಗದು. ಆದರೆ ಹೆಸರು ಒಂದೇ ಎಂದ ಮಾತ್ರಕ್ಕೆ ಯಂತ್ರ ಒಂದೇ ಅಲ್ಲ ಎಂಬುದನ್ನು ತಿಳಿದುಕೊಳ್ಳಲಿ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4070 ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇದೆ, ಅದು 200 ವ್ಯಾಟ್ ಬಳಸುತ್ತದೆ. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ ಇರುವುದು 8 ಜಿಬಿ, ಅದಕ್ಕೆ ಎಷ್ಟು ವ್ಯಾಟ್ ಕೊಡಬೇಕೆಂಬುದು ಲ್ಯಾಪ್‌ಟಾಪ್ ತಯಾರಿಸಿದವರ ಇಷ್ಟ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳ ಕೋಣೆಯಲ್ಲಿ, ಮೂರು ಗಂಟೆಯ ಹಾರಾಟದ ಕೊನೆಯಲ್ಲಿ, ಬಿಸಿಯೇರಿದ ಲ್ಯಾಪ್‌ಟಾಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು ಸರಿಯಾಗಿ ವಿಮಾನ ಇಳಿಯುವ ಹೊತ್ತಿಗೆ.

ಕೊಟೇಶನ್‌ನಲ್ಲಿ ಎಂದೂ ಕಾಣಿಸದ ಇನ್ನೊಂದು ಖರ್ಚು ಇಂಟರ್ನೆಟ್. 2024ರ ನವೆಂಬರ್ 19ರಂದು ಬಂದ ಹೊಸ ಆವೃತ್ತಿಗೆ ಡಿಸ್ಕಿನಲ್ಲಿ 50 ಜಿಬಿ ಜಾಗ ಸಾಕು. 2020ರದ್ದಕ್ಕೆ 150 ಜಿಬಿ ಕೇಳುತ್ತಿದ್ದರು. ಇದನ್ನು ಉಳಿತಾಯವೆಂದು ಭಾವಿಸಬೇಡಿ, ಉಳಿದದ್ದೆಲ್ಲ ಹಾರುತ್ತಿರುವಾಗ ಸರ್ವರಿನಿಂದ ಹರಿದು ಬರುತ್ತದೆ. ಶಿಫಾರಸು 50 ಎಂಬಿಪಿಎಸ್, ಆದರ್ಶ 100. ಫೈಬರ್ ಇರುವ ಮನೆಗಳಲ್ಲಿ ತೊಂದರೆಯಿಲ್ಲ, ತಿಂಗಳ ಡೇಟಾ ಮಿತಿಯನ್ನೊಮ್ಮೆ ನೋಡಿಕೊಂಡರಾಯಿತು. ಮಳೆಗಾಲದಲ್ಲಿ ಮೊಬೈಲ್ ನೆಟ್‌ವರ್ಕಿಗೂ ಗತಿಯಿಲ್ಲದ ಮಲೆನಾಡಿನ ಮನೆಯಲ್ಲಿ ಕೂತು ಆಡುವವರಿಗೆ ನನ್ನ ಸಲಹೆ ಇನ್ನೊಂದು ಸಿಮ್ಯುಲೇಟರಾದ ಎಕ್ಸ್-ಪ್ಲೇನ್ 12. ಅದರ ನೆಲದೃಶ್ಯಗಳನ್ನು ಒಮ್ಮೆ ಡಿಸ್ಕಿಗೆ ಇಳಿಸಿಕೊಂಡರೆ ಆಯಿತು. ಬೆಂಗಳೂರು ಬೆಂಗಳೂರಿನಂತೆ ಕಾಣಿಸುವುದಿಲ್ಲ, ಒಪ್ಪುತ್ತೇನೆ. ವಿಮಾನ ಮಾತ್ರ ವಿಮಾನದಂತೆಯೇ ಹಾರುತ್ತದೆ.

ಹಾಗಾದರೆ ಮಧ್ಯಮ ಬಜೆಟ್ಟಿನವರು ಏನು ಮಾಡಬೇಕು? ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟಿನ ಮದರ್‌ಬೋರ್ಡಿನ ಮೇಲೆ ಆರು ಕೋರಿನ ರೈಜೆನ್ 5 7600 ಹಾಕಿಸಿ, 32 ಜಿಬಿ ಡಿಡಿಆರ್5, ಮೇಲೆ ಹೇಳಿದ 16 ಜಿಬಿ ಕಾರ್ಡುಗಳಲ್ಲೊಂದು, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿಯೊಂದಿಗೆ ಆರಂಭಿಸಿ. ಎರಡು ವರ್ಷದ ನಂತರ ಕೈಯಲ್ಲಿ ಹಣ ಕೂಡಿದಾಗ ಅದೇ ಬೋರ್ಡಿಗೆ ಎಕ್ಸ್3ಡಿ ಪ್ರೊಸೆಸರ್ ಕೂರಿಸಬಹುದು. ಎಎಂ5 ಸಾಕೆಟ್ಟಿಗೆ 2027ರವರೆಗಾದರೂ ಬೆಂಬಲ ಇರುತ್ತದೆಂದು ಎಎಂಡಿ ಹೇಳಿದೆ. ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಲ್ಲಿ ಚೌಕಾಸಿ ಬೇಡ, ಒಳ್ಳೆಯ ಕಂಪನಿಯ 650 ವ್ಯಾಟಿನದ್ದೇ ಇರಲಿ. ಬಣ್ಣಬಣ್ಣದ ದೀಪಗಳ ಫ್ಯಾನು, ಗಾಜಿನ ಕ್ಯಾಬಿನೆಟ್ ಇವೆಲ್ಲ ಕೊಟೇಶನ್‌ನಲ್ಲಿ ತಾವಾಗಿ ಬಂದು ಸೇರಿಕೊಳ್ಳುತ್ತವೆ, ಮುಲಾಜಿಲ್ಲದೆ ಹೊಡೆದುಹಾಕಿ. ಕೊನೆಗೆ ‘ಫ್ರೀ’ ಎಂದು ಕೊಡುವ 600 ವಿಎ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವ್ಯಾಟ್ ಮಾತ್ರ. ಕಾರ್ಡು, ಪ್ರೊಸೆಸರ್, ಮಾನಿಟರ್ ಸೇರಿ ಆ ಗಡಿಗೆ ಬಂದು ನಿಲ್ಲುತ್ತವೆ, ಕರೆಂಟ್ ಹೋದ ಕ್ಷಣದಲ್ಲಿ ಯುಪಿಎಸ್ ಕೂಡ ಹೋಗುತ್ತದೆ. ಒಂದು ಕೆವಿಎಯದ್ದು ಕೇಳಿ ಪಡೆಯಿರಿ. ಪ್ರತಿಯೊಂದು ಬಿಡಿಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಅಂಗಡಿಯಿಂದ ಹೊರಬೀಳಬೇಡಿ.

ಜಾಯ್‌ಸ್ಟಿಕ್ಕಿನ ಹಣವನ್ನು ಮೊದಲೇ ಎತ್ತಿಡಿ. ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ, ಎರಡೂ ತುದಿಗಳಾಚೆ ನೆಲ ಕಣಿವೆಗೆ ಇಳಿಯುತ್ತದೆ. ಅಡ್ಡಗಾಳಿಯಲ್ಲಿ ಅಲ್ಲಿ ವಿಮಾನ ಇಳಿಸುವುದನ್ನು ಕೀಬೋರ್ಡಿನ ಬಾಣದ ಗುರುತಿನ ಕೀಲಿಗಳಿಂದ ಕಲಿಯಲಾಗದು, ಏಕೆಂದರೆ ಕೀಲಿಗೆ ಒತ್ತುವುದು ಬಿಡುವುದು ಎರಡೇ ಗೊತ್ತು, ಅಲ್ಲಿ ಬೇಕಾದದ್ದು ನಡುವಿನ ಕಾಲು ಅಂಗುಲ. ಬಜೆಟ್ ಮುಗಿಯಿತೆನ್ನಿಸಿದರೆ ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿದು ಆ ವ್ಯತ್ಯಾಸದಲ್ಲಿ ಜಾಯ್‌ಸ್ಟಿಕ್ ತೆಗೆದುಕೊಳ್ಳಿ, ಮೆಮೊರಿ ಮಾತ್ರ 12 ಜಿಬಿಗಿಂತ ಕೆಳಗೆ ಇಳಿಯದಿರಲಿ.