ಹತ್ತು ರಾತ್ರಿ, ಮೂರು ಊರು, ಒಂದೇ ದೇಶ

ನಾನಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಇಲ್ಲಿ ಕನ್ನಡದವರು ಸಾಕಷ್ಟು ಜನ ಇದ್ದೇವೆ. ಮಾರ್ಚ್, ಏಪ್ರಿಲ್ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಎಲ್ಲೆಲ್ಲಿ ಕರೆದುಕೊಂಡು ಹೋಗೋದು? ಕೇಳುವವರ ಫೋನಿನಲ್ಲಿ ಆಗಲೇ ಒಂದು ಪಟ್ಟಿ ತಯಾರಿರುತ್ತದೆ. ಪ್ಯಾರಿಸ್ ಎರಡು ದಿನ, ಸ್ವಿಟ್ಜರ್‌ಲ್ಯಾಂಡ್ ಮೂರು ದಿನ, ವೆನಿಸ್ ಅರ್ಧ ದಿನ, ರೋಮ್ ಒಂದೂವರೆ, ಬರುವಾಗ ದಾರಿಯಲ್ಲಿ ಪ್ರಾಗ್. ದಾರಿಯಲ್ಲಿ ಅಂತೆ! ರೋಮ್‌ನಿಂದ ಐಂಡ್‌ಹೋವನ್‌ಗೆ ಬರುವ ಯಾವ ದಾರಿಯಲ್ಲಿ ಪ್ರಾಗ್ ಸಿಗುತ್ತದೋ ದೇವರಿಗೇ ಗೊತ್ತು.

ನನ್ನ ಅನಿಸಿಕೆ ಇಷ್ಟೇ. ಹತ್ತು ರಾತ್ರಿ ಇದ್ದರೆ ಒಂದೇ ದೇಶ ಹಿಡಿಯಿರಿ, ಅದರಲ್ಲೂ ಮೂರೇ ಊರಿನಲ್ಲಿ ಮಲಗಿ. ವಯಸ್ಸಾದವರಿಗೆ ಸುಸ್ತಾಗುವುದು ನಡೆದು ಅಲ್ಲ. ದಿನಾ ಬೆಳಿಗ್ಗೆ ಸೂಟ್‌ಕೇಸ್ ಕಟ್ಟಿ, ಮಾತ್ರೆ ಡಬ್ಬಿ ಹುಡುಕಿ, ಹೊಸ ಬಾತ್‌ರೂಮಿನ ನಲ್ಲಿ ಯಾವ ಕಡೆ ತಿರುಗಿಸಿದರೆ ಬಿಸಿನೀರು ಅಂತ ಮತ್ತೆ ಕಲಿಯುವುದರಿಂದ ಸುಸ್ತಾಗುತ್ತದೆ. ಯಾವ ದೇಶ ಅಂತ ಕೇಳಿದರೆ ನಾನು ಪೋರ್ಚುಗಲ್ ಅನ್ನುತ್ತೇನೆ. ಐಫೆಲ್ ಟವರ್ ಇಲ್ಲ, ಹಿಮ ಇಲ್ಲ ಅಂತ ಮೂಗು ಮುರಿಯುವವರು ಇದ್ದಾರೆ. ಇರಲಿ.

ಮೊದಲು ಇಲ್ಲಿಯವರ ಪ್ರವಾಸದ ರೀತಿ ಹೇಳಿಬಿಡುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಡಚ್ಚರು ಬೇಸಿಗೆಯಲ್ಲಿ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಫ್ರಾನ್ಸಿನ ಯಾವುದೋ ಹಳ್ಳಿಗೆ ಹೋಗುತ್ತಾರೆ. ಹೋಗಿ ಅಲ್ಲೇ ಕೂರುತ್ತಾರೆ. ಮೂರು ವಾರ! ಮನೆಯಿಂದಲೇ ಕಡಲೆಕಾಯಿ ಬೆಣ್ಣೆ, ಬ್ರೆಡ್ಡಿನ ಮೇಲೆ ಉದುರಿಸುವ ಚಾಕೊಲೇಟ್ ಚೂರು ಎಲ್ಲ ತೆಗೆದುಕೊಂಡು ಹೋಗುತ್ತಾರೆ, ಆ ವಿಷಯದಲ್ಲಿ ನಮ್ಮ ಚಟ್ನಿಪುಡಿ ಅವಲಕ್ಕಿಯವರಿಗೂ ಅವರಿಗೂ ಏನೂ ವ್ಯತ್ಯಾಸ ಇಲ್ಲ. ವಾಪಸ್ ಬಂದ ಮೇಲೆ ಏನೇನು ನೋಡಿದಿರಿ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಪುಸ್ತಕ ಓದಿದೆ, ಈಜಿದೆ, ಅಷ್ಟೇ.

ಇವರಲ್ಲಿ ಕೆಲವರು ನಮ್ಮ ಪಟ್ಟಿ ನೋಡಿ ನಗುತ್ತಾರೆ. ಅದು ನನಗೆ ಹಿಡಿಸುವುದಿಲ್ಲ. ನಿಧಾನವಾಗಿ ಸುತ್ತುವುದು ದೊಡ್ಡ ಸಂಸ್ಕಾರ, ಓಡಾಡುವುದು ಹಳ್ಳಿಗುಗ್ಗುತನ ಅನ್ನುವ ಧಾಟಿ ಅದು. ನೆದರ್‌ಲ್ಯಾಂಡ್ಸ್‌ನಲ್ಲಿ ಪೂರ್ತಿ ಕೆಲಸ ಮಾಡುವವರಿಗೆ ಕಾನೂನಿನ ಪ್ರಕಾರವೇ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಉಂಟು, ಸಾಮಾನ್ಯವಾಗಿ ಕಂಪನಿಗಳು ಇನ್ನೂ ಸ್ವಲ್ಪ ಜಾಸ್ತಿಯೇ ಕೊಡುತ್ತವೆ. ಅದರ ಮೇಲೆ ವರ್ಷದ ಸಂಬಳದ ಶೇ. 8ರಷ್ಟು ರಜೆ ಭತ್ಯೆ, ಹೆಚ್ಚಾಗಿ ಮೇ ತಿಂಗಳಲ್ಲಿ ಕೈಗೆ ಬರುತ್ತದೆ. ನಮಗೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಆ ದುಡ್ಡು ಬೆಂಗಳೂರಿನ ಟಿಕೆಟ್ಟಿಗೆ, ನಮ್ಮ ಆ ರಜೆ ಊರಿನ ಮದುವೆ, ಗೃಹಪ್ರವೇಶ, ಅಜ್ಜಿಯ ಕಣ್ಣಿನ ಆಪರೇಶನ್ನಿಗೆ ಹೋಗುತ್ತದೆ. ಉಳಿಯುವುದು ಚೂರುಪಾರು ದಿನ. ಅದರಲ್ಲಿ ಯುರೋಪು ನೋಡಬೇಕು. ಡಚ್ಚನಿಗೆ ಈ ವರ್ಷ ವೆನಿಸ್ ತಪ್ಪಿದರೆ ಮುಂದಿನ ವರ್ಷ ಹೋದಾನು. ಕುಂದಾಪುರದಿಂದ ಬರುವ ನಮ್ಮ ಅಪ್ಪಯ್ಯನಿಗೆ ಹಾಗಲ್ಲ, ಅಲ್ವಾ?

ನಮ್ಮವರಿಗೆ ಈ ಓಟ ಹೊಸದೂ ಅಲ್ಲ. ಅಪ್ಪಯ್ಯ ಬ್ಯಾಂಕಿನಲ್ಲಿದ್ದರು. ಬ್ಯಾಂಕಿನವರಿಗೆ ಎಲ್‌ಎಫ್‌ಸಿ ಅಂತ ಇರುತ್ತದೆ, ಕೆಲವು ವರ್ಷಕ್ಕೊಮ್ಮೆ ಕುಟುಂಬ ಸಮೇತ ಪ್ರವಾಸದ ಖರ್ಚು ಬ್ಯಾಂಕೇ ಕೊಡುತ್ತದೆ. ಅದು ಸಿಕ್ಕಾಗ ಇನ್ನು ಯಾವಾಗಲೋ ಏನೋ ಅಂತ ದೆಹಲಿ, ಆಗ್ರಾ, ಹರಿದ್ವಾರ, ಕಾಶಿ, ಗಯಾ ಎಲ್ಲ ಒಂದೇ ಏಟಿಗೆ ಮುಗಿಸಿಕೊಂಡು ಬರುತ್ತಿದ್ದರು. ಮತ್ತೆ ಸಿಗದು ಅನ್ನುವ ಭಯದಲ್ಲಿ ಮಾಡಿದ ಪ್ರವಾಸ ಅದು. ಮಕ್ಕಳಾದ ನಾವು ಅದೇ ಭಯವನ್ನು ಯುರೋಪಿಗೆ ತಂದಿದ್ದೇವೆ.

ಇದಕ್ಕೆ ತುಪ್ಪ ಸುರಿಯುವುದು ವೀಸಾ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು. ಇಲ್ಲಿ ನಾವು ಆತಿಥ್ಯದ ಫಾರಂ ತುಂಬಿ ನಗರಸಭೆಯಲ್ಲಿ ಸಹಿ ದೃಢೀಕರಿಸಿ ಕಳಿಸಬೇಕು. ಇಷ್ಟೆಲ್ಲ ಪಾಡುಪಟ್ಟು ಸಿಕ್ಕಿದ ವೀಸಾದಲ್ಲಿ ಒಂದೇ ದೇಶ ನೋಡುವುದಾ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಇದನ್ನೇ ಇನ್ನೊಂದು ಕಡೆಯಿಂದ ನೋಡಿ. ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ. ಅಪ್ಪ ಅಮ್ಮ ಎರಡು ತಿಂಗಳು ಮಗನ ಮನೆಯಲ್ಲಿದ್ದು ನಡುವೆ ಹತ್ತು ರಾತ್ರಿ ಪೋರ್ಚುಗಲ್‌ಗೆ ಹೋಗಿ ಬಂದರೆ ಅರ್ಜಿ ನೆದರ್‌ಲ್ಯಾಂಡ್ಸ್‌ಗೇ, ಗೊಂದಲ ಇಲ್ಲ. ಆರು ದೇಶ, ಒಂಬತ್ತು ಹೋಟೆಲ್ಲಿನ ಕಾಗದ ಜೋಡಿಸುವ ತಲೆನೋವೂ ಇಲ್ಲ.

ಸರಿ, ಪೋರ್ಚುಗಲ್ ಯಾಕೆ? ನಕ್ಷೆ ನೋಡಿ. ಉದ್ದಕ್ಕೆ ನಿಂತ ಸಣ್ಣ ದೇಶ, ಬೇಕಾದ ಊರುಗಳೆಲ್ಲ ಒಂದೇ ರೈಲು ಮಾರ್ಗದ ಮೇಲೆ. ಲಿಸ್ಬನ್‌ನಿಂದ ಪೋರ್ಟೊಗೆ ಮೂರು ಗಂಟೆ, ನಡುವೆ ಕೊಯಿಂಬ್ರಾ. ಲಿಸ್ಬನ್‌ನಲ್ಲಿ ಇಳಿದು ಪೋರ್ಟೊದಿಂದ ವಿಮಾನ ಹತ್ತಿದರೆ ಒಂದೇ ದಾರಿ ಎರಡು ಸಲ ಸವೆಸುವ ಕೆಲಸ ಇಲ್ಲ. ಪಾಸ್‌ಪೋರ್ಟ್ ತೋರಿಸಿದರೆ 65 ದಾಟಿದವರಿಗೆ ರೈಲಿನಲ್ಲಿ ಅರ್ಧ ದರ. ಯೌವನದವರಿಗೂ ಮುಂಚೆ ಕಾಯ್ದಿರಿಸಿದರೆ ಟಿಕೆಟ್ ಅಗ್ಗ. ಮತ್ತೆ ಊಟ. ಯುರೋಪಿನಲ್ಲಿ ತಲಾ ಲೆಕ್ಕದಲ್ಲಿ ಅತಿ ಹೆಚ್ಚು ಅಕ್ಕಿ ತಿನ್ನುವವರು ಪೋರ್ಚುಗೀಸರು. ಸುಟ್ಟ ಬೂತಾಯಿ ಮೀನು, ಪಕ್ಕದಲ್ಲಿ ಟೊಮೆಟೊ ಅನ್ನ. ಕರಾವಳಿಯವರಿಗೆ ಇನ್ನೇನು ಬೇಕು ಹೇಳಿ. ಖಾರ ಮಾತ್ರ ಕಮ್ಮಿ, ಉಪ್ಪಿನಕಾಯಿ ಬಾಟ್ಲಿ ಇರಲಿ.

ನಾನು ಹೇಳುವ ಲೆಕ್ಕ ಲಿಸ್ಬನ್ ನಾಲ್ಕು ರಾತ್ರಿ, ಕೊಯಿಂಬ್ರಾ ಎರಡು, ಪೋರ್ಟೊ ನಾಲ್ಕು. ಮೇ ತಿಂಗಳು ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯದು. ಆಗಸ್ಟ್ ಬೇಡವೇ ಬೇಡ. ಬಿಸಿಲು, ಜನ ಎರಡೂ ವಿಪರೀತ. ಫ್ರಾನ್ಸ್, ಸ್ವಿಟ್ಜರ್‌ಲ್ಯಾಂಡ್, ಲಕ್ಸೆಂಬರ್ಗ್‌ಗೆ ದುಡಿಯಲು ಹೋದ ಪೋರ್ಚುಗೀಸರು ಆಗಸ್ಟ್‌ನಲ್ಲೇ ಊರಿಗೆ ಮರಳುತ್ತಾರೆ, ಹಳ್ಳಿಗಳೆಲ್ಲ ಹೊರದೇಶದ ನಂಬರ್ ಪ್ಲೇಟಿನ ಕಾರುಗಳಿಂದ ತುಂಬಿರುತ್ತವೆ. ನಾವು ಡಿಸೆಂಬರ್‌ನಲ್ಲಿ ಊರಿಗೆ ಓಡುವ ಹಾಗೇ. ಪ್ರವಾಸ ಅಂದರೆ ಊರಿಗೆ ಹೋಗುವುದು ಅನ್ನುವುದು ನಮಗೆ ಮಾತ್ರ ಇರುವ ಕಾಯಿಲೆ ಅಲ್ಲ ಅಂತ ಒಂದು ಸಮಾಧಾನ.

ಲಿಸ್ಬನ್ ಗುಡ್ಡಗಳ ಊರು. ಸಣ್ಣ ಸಣ್ಣ ಸುಣ್ಣದ ಕಲ್ಲು ಹಾಸಿದ ಕಾಲುದಾರಿ, ನೋಡಲು ಚೆಂದ, ಮಳೆ ಬಂದರೆ ಜಾರುಬಂಡಿ. ಹಾಗಾಗಿ ಅಲ್ಫಾಮಾದ ಹಳೇ ಓಣಿಯಲ್ಲಿ ಚೆಂದದ ಮನೆ ಬಾಡಿಗೆಗೆ ಸಿಕ್ಕಿತು ಅಂತ ಹಿರಿಯರನ್ನ ಅಲ್ಲಿ ಇಳಿಸಬೇಡಿ, ಮೆಟ್ಟಿಲು ಹತ್ತಿಯೇ ಪ್ರಾಣ ಹೋಗುತ್ತದೆ. ಬೈಷಾ ಅನ್ನುವ ಭಾಗದಲ್ಲಿ ಉಳಿಯಿರಿ, ಅದು ಸಮತಟ್ಟು. 1755ರ ನವೆಂಬರ್ 1ರಂದು ಭೂಕಂಪ, ಅದರ ಬೆನ್ನಿಗೇ ಸುನಾಮಿ, ಬೆಂಕಿ ಎಲ್ಲ ಸೇರಿ ಊರನ್ನು ನೆಲಸಮ ಮಾಡಿದವು. ಆಮೇಲೆ ಪೊಂಬಾಲ್ ಮಂತ್ರಿ ಈ ಭಾಗವನ್ನು ನೇರ ನೇರ ಬೀದಿಗಳಾಗಿ ಮತ್ತೆ ಕಟ್ಟಿಸಿದ. ಅವತ್ತಿನ ಆ ನಕ್ಷೆಯಿಂದ ಇವತ್ತು ನಮ್ಮಮ್ಮನ ಮಂಡಿಗೆ ಉಪಕಾರ.

28ನೇ ನಂಬರ್ ಟ್ರಾಮ್ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಹತ್ತುವುದಾದರೆ ಬೆಳಿಗ್ಗೆ ಬೇಗ ಹತ್ತಿ, ಇಲ್ಲದಿದ್ದರೆ ನಿಂತೇ ಹೋಗಬೇಕು, ಜೇಬುಗಳ್ಳರೂ ಇರುತ್ತಾರೆ. 15ನೇ ನಂಬರ್ ಹಿಡಿದು ಬೆಲೆಂಗೆ ಹೋಗಿ. ಜೆರೋನಿಮೋಸ್ ಮಠ ಅಲ್ಲಿದೆ, ಅದರ ಚರ್ಚಿನೊಳಗೆ ವಾಸ್ಕೋ ಡ ಗಾಮನ ಸಮಾಧಿ. ಅಪ್ಪಯ್ಯ ಅದರ ಮುಂದೆ ಕೈ ಕಟ್ಟಿ ನಿಂತು ಕೇಳಿದ್ದು ಇಷ್ಟೇ, "ನಮ್ ಬಸ್ರೂರಿಗೆ ಬಂದದ್ ಇವ್ರ್ ಕಡೆಯವ್ರೇ ಅಲ್ದಾ?" ಹೌದು, ಅವರೇ. ಮಂಗಳೂರು, ಬಸ್ರೂರು, ಹೊನ್ನಾವರದಲ್ಲಿ ಕೋಟೆ ಹಾಕಿ ಕೂತವರು, ಗೋವೆಗೆ ನಮ್ಮ ಕರಾವಳಿಯ ಅಕ್ಕಿ ಸಾಗಿಸಿದವರು, ಉಳ್ಳಾಲದ ಅಬ್ಬಕ್ಕನ ಕೈಲಿ ಏಟು ತಿಂದವರು, ಕೊನೆಗೆ ಕೆಳದಿಯ ಶಿವಪ್ಪ ನಾಯಕ ಓಡಿಸಿದ್ದು ಇವರನ್ನೇ. ಪ್ಯಾರಿಸ್‌ನಲ್ಲಿ ಅಪ್ಪಯ್ಯನಿಗೆ ಇಷ್ಟು ಸಂಬಂಧ ಇರುವ ಜಾಗ ಒಂದೂ ಇರಲಿಲ್ಲ. ಅವತ್ತು ಮಧ್ಯಾಹ್ನ ಪೂರ್ತಿ ಅವರು ಅಲ್ಲೇ ಕಳೆದರು, ಮುಂದಿನ ಬಸ್ಸು ತಪ್ಪುತ್ತದೆ ಅಂತ ಎಬ್ಬಿಸುವ ಗೈಡ್ ಇರಲಿಲ್ಲ. ಅಂದ ಹಾಗೆ, ಸೋಮವಾರ ಮಠಕ್ಕೆ ರಜೆ, ನೋಡಿಕೊಂಡು ಹೋಗಿ.

ಲಿಸ್ಬನ್ ಹತ್ತಿರದ ಅರಮನೆಗಳ ಊರು ಸಿಂಟ್ರಾ ಬಿಡಿ ಅಂದರೆ ಬೈಯುತ್ತೀರಿ, ಆದರೂ ಹೇಳುತ್ತೇನೆ. ರೊಸಿಯೊ ನಿಲ್ದಾಣದಿಂದ ನಲವತ್ತು ನಿಮಿಷದ ರೈಲು, ನಿಜ. ಅಲ್ಲಿಂದ ಮೇಲೆ ಪೆನಾ ಅರಮನೆಗೆ ಬಸ್ಸಿಗೆ ಕ್ಯೂ, ಒಳಗೆ ಬಿಡುವುದು ಟಿಕೆಟ್ಟಿನಲ್ಲಿ ಬರೆದ ಸಮಯಕ್ಕೆ ಮಾತ್ರ, ಅದು ತಪ್ಪಿದರೆ ಕಷ್ಟ. ಗಡಿಯಾರ ನೋಡುತ್ತಾ ಓಡುವುದಕ್ಕೆ ಪೋರ್ಚುಗಲ್‌ಗೆ ಬರಬೇಕಾ? ಕಾಯ್ಸ್ ದೊ ಸೊದ್ರೆಯಿಂದ ಕಶ್ಕಾಯ್ಸ್‌ಗೆ ಇನ್ನೊಂದು ರೈಲು ಇದೆ, ಅದೂ ಸುಮಾರು ನಲವತ್ತು ನಿಮಿಷ, ಕಿಟಕಿಯಲ್ಲಿ ಮೊದಲು ನದಿ ಆಮೇಲೆ ಸಮುದ್ರ. ಹೋಗಿ ದಡದಲ್ಲಿ ಕೂತು ಐಸ್‌ಕ್ರೀಮ್ ತಿಂದು ಬನ್ನಿ. ಸಣ್ಣ ವಯಸ್ಸಿನವರು ಸಿಂಟ್ರಾಕ್ಕೆ ಹೋಗಲಿ, ಬೇಡ ಅಂದವರಾರು.

ಹೋಟೆಲಿನಲ್ಲಿ ಎರಡು ವಿಷಯ ಗೊತ್ತಿರಲಿ. ಕೂತ ತಕ್ಷಣ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ, ಮುಟ್ಟಿದರೆ ಬಿಲ್ಲಿಗೆ ಬರುತ್ತದೆ. ಬೇಡ ಅಂದರೆ ಮುಖ ಗಂಟಿಕ್ಕದೆ ತೆಗೆದುಕೊಂಡು ಹೋಗುತ್ತಾರೆ. ಇನ್ನೊಂದು ಸಸ್ಯಾಹಾರಿಗಳಿಗೆ. ಹಸಿರು ಸೊಪ್ಪಿನ ಕಾಲ್ದು ವೆರ್ದೆ ಸೂಪ್ ನೋಡಿ ಮೋಸ ಹೋಗಬೇಡಿ, ಅದರಲ್ಲಿ ಹಂದಿ ಸಾಸೇಜಿನ ತುಂಡು ಇರುತ್ತದೆ. ಅಲ್ಲಿಯ ಪ್ರಸಿದ್ಧ ಸಿಹಿಗಳೆಲ್ಲ, ಬೆಲೆಂನಲ್ಲಿ 1837ರಿಂದ ಮಾಡುತ್ತಿರುವ ಕಸ್ಟರ್ಡ್ ಟಾರ್ಟ್ ಸೇರಿ, ಮೊಟ್ಟೆಯ ಹಳದಿಯಿಂದ ಮಾಡಿದ್ದು. ಮೊಟ್ಟೆ ತಿನ್ನದವರಿಗೆ ತಿನ್ನುವ ಮುಂಚೆ ಹೇಳಿ, ಆಮೇಲೆ ಹೇಳಿ ಪುಣ್ಯ ಕಟ್ಟಿಕೊಳ್ಳಬೇಡಿ. ನಮ್ಮಮ್ಮನಿಗೆ ಸೋಮವಾರ ಮಾತ್ರ ಮೀನು ಇಲ್ಲ, ಆ ದಿನ ಅನ್ನ, ಸಲಾಡ್, ಊರಿನ ಉಪ್ಪಿನಕಾಯಿಯಲ್ಲಿ ಸುಖವಾಗಿ ಕಳೆಯಿತು.

ಕೊಯಿಂಬ್ರಾದಲ್ಲಿ ದೂರದ ರೈಲುಗಳು ನಿಲ್ಲುವುದು ಊರಿನ ಹೊರಗಿನ ಕೊಯಿಂಬ್ರಾ-ಬಿ ನಿಲ್ದಾಣದಲ್ಲಿ, ಅಲ್ಲಿಂದ ಟ್ಯಾಕ್ಸಿ ಮಾಡಿ. 1290ರಲ್ಲಿ ಲಿಸ್ಬನ್‌ನಲ್ಲಿ ಶುರುವಾಗಿ 1537ರಲ್ಲಿ ಕಾಯಂ ಆಗಿ ಇಲ್ಲಿಗೆ ಬಂದ ವಿಶ್ವವಿದ್ಯಾಲಯ ಗುಡ್ಡದ ಮೇಲಿದೆ. ಅದರ ಜೊವಾನಿನಾ ಗ್ರಂಥಾಲಯದಲ್ಲಿ ಬಾವಲಿಗಳಿವೆ, ಪುಸ್ತಕ ತಿನ್ನುವ ಹುಳುಗಳನ್ನು ಅವು ರಾತ್ರಿ ತಿನ್ನುತ್ತವೆ. ಹಿಕ್ಕೆ ಬೀಳುತ್ತದೆ ಅಂತ ಸಂಜೆ ಮೇಜುಗಳಿಗೆ ಚರ್ಮದ ಹೊದಿಕೆ ಹಾಕುತ್ತಾರೆ. ಎರಡನೇ ದಿನ ಇಲ್ಲಿ ಏನೂ ಇಟ್ಟುಕೊಳ್ಳಬೇಡಿ. ನಿಜವಾಗಲೂ ಏನೂ ಬೇಡ. ಬಟ್ಟೆ ಒಗೆಯಿರಿ, ಮೊಂದೆಗೊ ನದಿ ದಡದಲ್ಲಿ ನಡೆಯಿರಿ, ಊರಿಗೆ ವಿಡಿಯೋ ಕಾಲ್ ಮಾಡಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಪೋರ್ಚುಗಲ್‌ನಲ್ಲಿ ರೈಲ್ವೆ ಮುಷ್ಕರ ಆಗಾಗ ಆಗುತ್ತದೆ. ನಡುವೆ ಒಂದು ಖಾಲಿ ದಿನ ಇದ್ದರೆ ಮುಷ್ಕರ ಬಂದರೂ ಪ್ರವಾಸ ಕೆಡುವುದಿಲ್ಲ. ದಿನಕ್ಕೊಂದು ಊರು ಇಟ್ಟುಕೊಂಡವರ ಪಟ್ಟಿ ಮಾತ್ರ ಇಸ್ಪೀಟಿನ ಮನೆಯಂತೆ ಉದುರುತ್ತದೆ.

ಪೋರ್ಟೊದಲ್ಲಿ ಸಾವ್ ಬೆಂತೊ ನಿಲ್ದಾಣವೇ ಒಂದು ನೋಡುವ ಜಾಗ, ಗೋಡೆ ತುಂಬ ಸುಮಾರು 20,000 ನೀಲಿ ಬಿಳಿ ಹೆಂಚು, ಯುದ್ಧ, ಮದುವೆ, ಸುಗ್ಗಿ ಎಲ್ಲ ಅದರಲ್ಲಿ ಚಿತ್ರವಾಗಿವೆ, ನೋಡಲು ದುಡ್ಡೂ ಕೊಡಬೇಕಿಲ್ಲ. ಡೌರೊ ಕಣಿವೆಗೆ ಒಂದು ದಿನ ಇಡಿ. ದೋಣಿ, ಊಟ, ವೈನ್ ಎಲ್ಲ ಸೇರಿಸಿದ ದುಬಾರಿ ಪ್ಯಾಕೇಜ್ ಮಾರುವವರು ಬೇಕಾದಷ್ಟಿದ್ದಾರೆ. ಸಾಧಾರಣ ರೈಲು ಹತ್ತಿ ಪಿನ್ಯಾವ್‌ಗೆ ಹೋಗಿ, ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಮೊದಲ ಒಂದು ಗಂಟೆ ಏನೂ ಇಲ್ಲ, ಆಮೇಲೆ ನದಿ ಹಳಿಯ ಪಕ್ಕಕ್ಕೇ ಬರುತ್ತದೆ, ಎರಡೂ ಕಡೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ವೈನಿಗಾಗಿ ಈ ಸೀಮೆಗೆ ಗಡಿ ಹಾಕಿದ್ದು 1756ರಲ್ಲಿ, ಅದೇ ಪೊಂಬಾಲ್ ಕಾಲದಲ್ಲಿ. ಕುಡಿಯದವರಿಗೂ ಆ ರೈಲು ಸಾಕು.

ಇಷ್ಟು ಹೇಳಿದ ಮೇಲೂ ಒಬ್ಬರು ಕೇಳಿಯೇ ಕೇಳುತ್ತಾರೆ, ಅಷ್ಟು ದೂರ ಹೋದಮೇಲೆ ಹಾಗೇ ಮ್ಯಾಡ್ರಿಡ್ ಸೇರಿಸಬಹುದಲ್ವಾ ಅಂತ. ಸೇರಿಸಬಹುದು. ಆದರೆ ಲಿಸ್ಬನ್‌ನಿಂದ ಮ್ಯಾಡ್ರಿಡ್‌ಗೆ ಇದ್ದ ರಾತ್ರಿ ರೈಲು 2020ರಲ್ಲಿ ನಿಂತಿತು, ಈಗ ಹಗಲಿಗೂ ನೇರ ರೈಲಿಲ್ಲ. ಬದಲಾಯಿಸುತ್ತಾ ಹೋದರೆ ಇಡೀ ಹಗಲು ರೈಲಿನಲ್ಲೇ, ವಿಮಾನ ಅಂದರೆ ಮತ್ತೆ ಬ್ಯಾಗ್ ತೂಕ, ಸೆಕ್ಯೂರಿಟಿ ಚೆಕ್, ಹೋಟೆಲ್. ಕೊಯಿಂಬ್ರಾದ ಆ ಖಾಲಿ ದಿನವನ್ನೇ ಅದಕ್ಕೆ ಕೊಡಬೇಕಾಗುತ್ತದೆ. ನಾನಾದರೆ ಕೊಡುವುದಿಲ್ಲ.