ಗಗನಯಾತ್ರಿಯ ಮಿದುಳಿನ ಲೆಕ್ಕ ಇಡುವವರು ಯಾರು?

ಗಗನಯಾನದ ಮಾತು ಬಂದರೆ ಬೆಂಗಳೂರಿನವರಾದ ನಾವು ಕೇಳುವುದು ಎರಡೇ: ರಾಕೆಟ್ ಯಾವಾಗ ಹಾರುತ್ತದೆ, ಒಳಗೆ ಯಾರು ಕೂರುತ್ತಾರೆ. ಕೂತವರ ತಲೆಯೊಳಗೆ ಏನಾಗುತ್ತದೆ ಎಂದು ಕೇಳಿ ನೋಡಿ, "ಮೊದಲು ಹೋಗಿ ಬರಲಿ ಬಿಡಿ ಸಾರ್" ಎನ್ನುತ್ತಾರೆ.

ಮೂರು ದಿನದ ಯಾನಕ್ಕೆ ಆ ಉತ್ತರ ಸಾಕು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಬಾಹ್ಯಾಕಾಶದ ವಿಕಿರಣಕ್ಕೆ ಭೂಮಿಯ ಕಾಂತಕ್ಷೇತ್ರವೇ ಕೊಡೆ ಹಿಡಿದಿರುತ್ತದೆ. ಆದರೆ 2040ರೊಳಗೆ ಚಂದ್ರನ ಮೇಲೆ ಭಾರತೀಯರನ್ನು ಇಳಿಸುವ ಗುರಿ ಇಟ್ಟುಕೊಂಡವರು ಮಂಗಳನ ಕನಸು ಕಾಣದೆ ಇರುತ್ತಾರೆಯೇ? ನಾಸಾದ ಕ್ಯೂರಿಯಾಸಿಟಿ ರೋವರ್ ಮಂಗಳನತ್ತ ಸಾಗುವಾಗ ಅದರ ಉಪಕರಣ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ವಿಕಿರಣ ಅಳೆಯಿತು. ಹೋಗಿಬರುವ ದಾರಿಗೇ ಅಂದಾಜು 660 ಆಗುತ್ತದೆ. ಒಬ್ಬ ಗಗನಯಾತ್ರಿಯ ಇಡೀ ವೃತ್ತಿಜೀವನಕ್ಕೆ ನಾಸಾ ಹಾಕಿರುವ ಮಿತಿ 600.

ನನ್ನ ತಕರಾರು ಆ ಮಿತಿಯ ಮೇಲೆ. ಅದನ್ನು ಹಾಕಿರುವುದು ಕ್ಯಾನ್ಸರಿನ ಅಪಾಯ ನೋಡಿ. ಕ್ಯಾನ್ಸರ್ ಬಂದರೂ ಮರಳಿದ ಎಷ್ಟೋ ವರ್ಷಗಳ ಮೇಲೆ ಬರುತ್ತದೆ. ವಿಕಿರಣದಿಂದ ಬುದ್ಧಿ ಮಂಕಾದರೆ ಅದು ದಾರಿಯಲ್ಲೇ ಆಗಬಹುದು.

2015ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿ ಚಾರ್ಲ್ಸ್ ಲಿಮೋಲಿ ತಂಡ ಇಲಿಗಳ ಮೇಲೆ, ಬಾಹ್ಯಾಕಾಶದ ವಿಕಿರಣದಲ್ಲಿ ಇರುವಂಥ ವೇಗದ ಆಕ್ಸಿಜನ್ ಮತ್ತು ಟೈಟಾನಿಯಂ ಕಣಗಳನ್ನು ಹಾಯಿಸಿತು. ಪರೀಕ್ಷೆ ಸರಳ. ಪೆಟ್ಟಿಗೆಯಲ್ಲಿ ಇಲಿಗೆ ಪರಿಚಯವಾದ ವಸ್ತುಗಳಲ್ಲಿ ಒಂದನ್ನು ತೆಗೆದು ಹೊಸದನ್ನು ಇಡುತ್ತಾರೆ. ಆರೋಗ್ಯವಂತ ಇಲಿ ಹೊಸದನ್ನೇ ಹುಡುಕಿ ಮೂಸುತ್ತದೆ. ವಿಕಿರಣ ತಗುಲಿದವುಗಳಿಗೆ ಹಳತು ಹೊಸತರ ವ್ಯತ್ಯಾಸ ಅಷ್ಟಾಗಿ ತಿಳಿಯಲಿಲ್ಲ. ಅವುಗಳ ನರಕೋಶಗಳ ಕವಲುಗಳು ವಿರಳವಾಗಿದ್ದವು. ಮರುವರ್ಷದ ಅಧ್ಯಯನದಲ್ಲಿ, ಒಮ್ಮೆ ಕಲಿತ ಭಯವನ್ನು ಬಿಡಲೂ ಇಂಥ ಪ್ರಾಣಿಗಳು ತಿಣುಕಿದ್ದು ಕಂಡಿತು.

ಹಾಗೆಂದು "ಮಂಗಳಕ್ಕೆ ಹೋದರೆ ಹುಚ್ಚು ಗ್ಯಾರಂಟಿ" ಎನ್ನುವ ಟಿವಿ ಅಬ್ಬರ ನನಗೆ ಹಿಡಿಸುವುದಿಲ್ಲ. ಇಲಿಗೆ ಸ್ವಲ್ಪ ಹೊತ್ತಿನಲ್ಲಿ ಸುರಿದದ್ದು ಮನುಷ್ಯನಿಗೆ ತಿಂಗಳುಗಟ್ಟಲೆ ಹನಿಹನಿಯಾಗಿ ಬೀಳುತ್ತದೆ. ಎರಡೂ ಒಂದೇ ಅಲ್ಲ. ಆದರೆ ಮಂಗಳನಿಂದ ಹೊರಟ ಮಾತು ಇಲ್ಲಿ ತಲುಪಲು 20 ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ಗಾಳಿ ಸೋರುತ್ತಿರುವಾಗ ಅಲ್ಲಿರುವವರ ಬುದ್ಧಿಯೇ ಗತಿ.

ವಿಜ್ಞಾನಿಗಳಾದ ಭಾಭಾ, ಸಾರಾಭಾಯ್ ಇಬ್ಬರೂ ಬಾಹ್ಯಾಕಾಶದಿಂದ ಬರುವ ಈ ವಿಕಿರಣದ, ಅಂದರೆ ಕಾಸ್ಮಿಕ್ ಕಿರಣಗಳ ಬೆನ್ನುಹತ್ತಿದ್ದು ಇಲ್ಲೇ, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ). ಇಂದು ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ವಿಮಾನಪುರದಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇದೆ, ಇಸ್ರೋದ ಮಾನವ ಯಾನ ಕೇಂದ್ರವೂ ಇದೇ ಊರಿನಲ್ಲಿದೆ. ಟ್ರಾಫಿಕ್ಕನ್ನು ಬೈದುಕೊಂಡಾದರೂ ಇವರೆಲ್ಲ ಒಂದು ಕಡೆ ಸೇರಬಹುದು. ಮೊದಲ ಯಾನದಿಂದಲೇ ಹೋಗುವ ಮುನ್ನ, ಬಂದ ಮೇಲೆ, ವರ್ಷಗಳ ನಂತರವೂ ಯಾತ್ರಿಗಳ ನೆನಪು, ಗಮನ, ನಿರ್ಧಾರಶಕ್ತಿಯನ್ನು ಅಳೆದು ಫಲಿತಾಂಶ ಪ್ರಕಟಿಸಬೇಕು. ಬೆರಳೆಣಿಕೆಯ ಜನ ಹೋಗುವ ಕಡೆ ಹೆಸರು ಮುಚ್ಚಿಟ್ಟರೂ ಯಾರೆಂದು ಗೊತ್ತಾಗಿಬಿಡುತ್ತದೆ, ಆ ತೊಡಕು ನಿಜ. ಹಾಗಾಗಿ ಅವರ ಒಪ್ಪಿಗೆಯನ್ನು ಹಾರುವ ಮೊದಲೇ ಕೇಳಿ ಪಡೆಯಬೇಕು.